ಇಪ್ಪತ್ತೆಂಟು ಫೋಟೋ, ಒಂದು ಬೆನ್ನುನೋವು

ಸುಬಾಂಗ್ ಜಯಾ
ಜನವರಿ 19, 2025, ಭಾನುವಾರ

ರೀ,

ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ನಿಮಗೆ ಒಂದೇ ಒಂದು ಕಾಗದವನ್ನೂ ಬರೆದವಳಲ್ಲ ನಾನು. ಹೇಗೆ ಶುರು ಮಾಡುವುದೋ ತಿಳಿಯದೆ ಅರ್ಧ ಗಂಟೆ ಪೆನ್ನು ಕಚ್ಚುತ್ತ ಕೂತಿದ್ದೆ. 'ಪ್ರಿಯ ಶ್ರೀಪತಿ' ಅಂತ ಬರೆದು ನೋಡಿದೆ. ಬ್ಯಾಂಕಿನವರ ಕಾಗದದ ಹಾಗೆ ಕಂಡಿತು, ಹರಿದು ಹಾಕಿದೆ. ಅಡುಗೆಮನೆಯಿಂದ ಕೂಗುವ ಹಾಗೆಯೇ ಕೂಗಿದ್ದೇನೆ, ಓ ಅನ್ನಿ.

ತೊಂಬತ್ತು ದಿನ ಫೋನೂ ಇಲ್ಲ, ಭೇಟಿಯೂ ಇಲ್ಲ, ಕಾಗದ ಮಾತ್ರ ಅಂದರು ನಿಮ್ಮ ಕೇಂದ್ರದವರು. ಕುಡಿತ ಬಿಡಿಸುವುದಕ್ಕೆ ಅದೇ ಸರಿಯಾದ ದಾರಿ ಅಂತಾದರೆ ಹಾಗೇ ಆಗಲಿ. ಪೂರ್ವಿಯ ಯೂನಿವರ್ಸಿಟಿ ನಿಲಾಯ್‌ನಲ್ಲಿ ಇರುವುದು ಅನುಕೂಲವಾಯಿತು. ಅಲ್ಲಿಂದ ನಿಮ್ಮ ಕೇಂದ್ರಕ್ಕೆ ಇಪ್ಪತ್ತು ನಿಮಿಷವಂತೆ. ಕಾಗದವನ್ನು ಗೇಟಿನಲ್ಲಿ ಕೊಟ್ಟು ಬರುತ್ತಾಳೆ. ಅಪ್ಪನಿಗೆ ಅಂತ ಅವಳೇನೂ ಬರೆಯುವುದಿಲ್ಲವಂತೆ. ಡಿಸೆಂಬರಿನಲ್ಲಿ ನೀವು ಅವಳನ್ನು ಕೂರಿಸಿಕೊಂಡು ಕಾರನ್ನು ಡಿವೈಡರಿಗೆ ಹತ್ತಿಸಿದ ದಿನದಿಂದ ನಿಮ್ಮ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ. ನಾನು ಒತ್ತಾಯ ಮಾಡಿಲ್ಲ.

ಇಲ್ಲಿ ಯಾರಿಗೂ ಏನೂ ಗೊತ್ತಾಗಿಲ್ಲ, ನಿಶ್ಚಿಂತೆಯಾಗಿರಿ. ಬೆನ್ನುನೋವಿಗೆ ವಿಮಾನ ಹತ್ತಿ ಮೈಸೂರಿನ ಕಡೆ ಪ್ರಕೃತಿ ಚಿಕಿತ್ಸೆಗೆ ಹೋಗಿದ್ದಾರೆ ಅಂದಿದ್ದೇನೆ. ಕನ್ನಡ ಸಂಘದ ಅಧ್ಯಕ್ಷರು ಪುಟ್ಟಣ್ಣನವರಂತೂ ದಿನ ಬಿಟ್ಟು ದಿನ ಫೋನು ಮಾಡಿ, "ಹೆಂಗವ್ರಮ್ಮಾ ಶ್ರೀಪತಿ, ಮಣ್ಣಿನ ಪಟ್ಟಿ ಹಾಕ್ತಾವ್ರಾ?" ಅಂತ ಕೇಳುತ್ತಾರೆ. ಹಾಕ್ತಾರೆ ಹಾಕ್ತಾರೆ ಅನ್ನುತ್ತೇನೆ.

ಒಂದು ತಮಾಷೆ ಕೇಳಿ. ಬ್ರಿಕ್‌ಫೀಲ್ಡ್ಸ್‌ನ ನಮ್ಮ ಅಂಗಡಿಗೆ ದೊಡ್ಡ ಕೆಲಸ ಬಂದಿದೆ. ಇಪ್ಪತ್ತೆಂಟು ಹಳೆಯ ಫೋಟೋಗಳಿಗೆ ಕಟ್ಟು ಹಾಕಬೇಕು. ತಂದವನು ಲಿಮ್ ಅಂತ, ಚೀನೀ ಹುಡುಗ. ಊರೊಳಗೆ ಒಂದು ಬಾರ್ ತೆರೆಯುತ್ತಾನಂತೆ. ಹೊರಗಿನಿಂದ ನೋಡಿದರೆ ಬಟ್ಟೆ ಒಗೆಯುವ ಅಂಗಡಿ, ಒಳಗೆ ಬಾರ್! ಅದರ ಗೋಡೆಗೆ ಈ ಫೋಟೋಗಳು. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಪಾನನಿಷೇಧ ಇತ್ತಂತಲ್ಲ, ಆಗ ಜನ ಕದ್ದು ಕುಡಿಯುತ್ತಿದ್ದ ಅಡ್ಡೆಗಳು ಇವು. ಸ್ಪೀಕ್‌ಈಜಿ ಅನ್ನುತ್ತಾರಂತೆ. ಪತ್ರಿಕೆಯವರು ಆ ಕಾಲದಲ್ಲೇ ತೆಗೆದು ತೊಳೆದ ಅಸಲು ಪ್ರತಿಗಳು. ಅಂಚಿನಲ್ಲಿ ಬೆಳ್ಳಿಯ ಹೊಳಪು, ಹಿಂದೆ ಟೈಪು ಮಾಡಿ ಅಂಟಿಸಿದ ಚೀಟಿ. ಗಂಡ ಅಲ್ಲಿ, ಹೆಂಡತಿಯ ಮೇಜಿನ ಮೇಲೆ ಇವು. ದೇವರಿಗೂ ತಮಾಷೆ ಬೇಕಲ್ಲ.

ಮೊದಲನೆಯದು ಮುಗಿಸಿ ಕೊಡುವಾಗ ಅಭ್ಯಾಸಬಲ, ಗಾಜಿನ ಮೂಲೆಗೆ ಒಂದು ಬೊಟ್ಟು ಕುಂಕುಮ ಇಟ್ಟುಬಿಟ್ಟೆ. ಸದಾ ಲಕ್ಷ್ಮಿ, ಮುರುಗನ್ ಫೋಟೋ ಕಟ್ಟುವ ಕೈ. "ಆಂಟಿ, ಇದೇನು?" ಅಂದ. ಒಳ್ಳೇದಾಗಲಿ ಅಂತ ಇಡ್ತೀವಿ ಅಂದೆ. "ಹಾಗಾದ್ರೆ ಎಲ್ಲದಕ್ಕೂ ಇಡಿ ಲಾ" ಅಂತ ಇಲ್ಲಿಯವರ ಆ 'ಲಾ' ಸೇರಿಸಿಯೇ ಅಂದ.

ಊಟ ಸರಿಯಾಗಿ ಮಾಡಿ.

ನಿಮ್ಮ
ರತ್ನ


ಫೆಬ್ರವರಿ 2, 2025

ರತ್ನಾ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮೊದಲ ಎರಡು ವಾರ ಚಮಚ ಹಿಡಿದರೂ ಸೂಪು ಬಾಯಿಗೆ ಬರುತ್ತಿರಲಿಲ್ಲ. ಈಗ ಪರವಾಗಿಲ್ಲ. ಬೆಳಿಗ್ಗೆ ಪಾತ್ರೆ ತೊಳೆಯುವುದು ನನ್ನ ಪಾಲಿನ ಕೆಲಸ. ನಲವತ್ತು ಜನರ ತಟ್ಟೆ. ಇಪ್ಪತ್ತೈದು ಜನರ ಸಾಫ್ಟ್‌ವೇರ್ ತಂಡ ನಡೆಸಿದವನು ತಟ್ಟೆ ಬಿಳಿಯಾಯಿತೇ ಎಂದು ಬೆಳಕಿಗೆ ಹಿಡಿದು ನೋಡುತ್ತೇನೆ. ನಗಬೇಡ.

ಬೆನ್ನುನೋವಿನ ವಿಷಯ ಓದಿದೆ. ಇಲ್ಲಿ ದಿನಾ ಬೆಳಿಗ್ಗೆ ಎಲ್ಲರೂ ಸುತ್ತ ಕೂತು, ನನ್ನ ಹೆಸರು ಇಂಥದ್ದು, ನಾನು ಕುಡುಕ ಅಂತ ಹೇಳಬೇಕು. ಮೊದಲ ದಿನ ಹೆಸರು ಮಾತ್ರ ಹೇಳಿ ಕೂತುಬಿಟ್ಟೆ. ಮೂರನೆಯ ವಾರಕ್ಕೆ ಸಲೀಸಾಯಿತು. ಇಲ್ಲಿ ಕುಡುಕ, ಅಲ್ಲಿ ಬೆನ್ನುನೋವಿನವನು. ಯಾವುದು ನಾನು ಅಂತ ನನಗೇ ಗೊಂದಲ.

ಆ ಫೋಟೋಗಳ ಬಗ್ಗೆ ಬರಿ. ನಿಜವಾಗಿ ಕೇಳುತ್ತಿದ್ದೇನೆ. ಇಲ್ಲಿ ಓದಲು ಏನೂ ಇಲ್ಲ. ಪೂರ್ವಿಗೆ... ಬೇಡ, ಏನೂ ಹೇಳಬೇಡ.

ಶ್ರೀಪತಿ


ಸುಬಾಂಗ್ ಜಯಾ
ಫೆಬ್ರವರಿ 16, 2025

ರೀ,

ಕೇಳಿದಿರಿ, ಬರೆಯುತ್ತೇನೆ. ಒಂದರಲ್ಲಿ ಬಾಗಿಲು, ಬಾಗಿಲಲ್ಲಿ ಅಂಗೈಯಗಲ ಕಿಂಡಿ, ಕಿಂಡಿಯಲ್ಲಿ ಒಂದು ಕಣ್ಣು. ಒಂದರಲ್ಲಿ ಅಧಿಕಾರಿಗಳು ಕೊಡಲಿಯಿಂದ ಪೀಪಾಯಿ ಒಡೆದು ಚರಂಡಿಗೆ ಸುರಿಸುತ್ತಿದ್ದಾರೆ, ಸುತ್ತ ನಿಂತ ಗಂಡಸರ ಮುಖ ನೋಡಬೇಕು ನೀವು, ಹೆತ್ತವರು ಹೋದ ಹಾಗೆ. ಒಬ್ಬಳು ಬೂಟಿನೊಳಗೆ ಬಾಟಲಿ ಸಿಕ್ಕಿಸಿಕೊಂಡು ನಗುತ್ತಿದ್ದಾಳೆ. ಇವನ್ನೆಲ್ಲ ನಾನೂ ನಗುತ್ತಲೇ ನೋಡಿದೆ. ಅಂಟು ಟೇಪು ತಾಗಿಸಬಾರದು, ಗೋಧಿಯ ಗಂಜಿಯಲ್ಲಿ ತೆಳುಕಾಗದ ಅಂಟಿಸಿ ಹಿಂದಿನಿಂದ ಹಿಡಿಸಬೇಕು, ಈ ದೇಶದ ಸೆಕೆಗೆ ಬೂಷ್ಟು ಹಿಡಿಯದ ಹಾಗೆ ಗಾಜಿಗೂ ಫೋಟೋಗೂ ನಡುವೆ ಸಂದು ಬಿಡಬೇಕು. ಹಾಗಾಗಿ ಒಂದೊಂದನ್ನೂ ಎರಡೆರಡು ದಿನ ಎದುರಿಗಿಟ್ಟುಕೊಂಡು ಕೂರುತ್ತೇನೆ.

ಒಂಬತ್ತನೆಯದಕ್ಕೆ ನಗು ನಿಂತಿತು. ದೊಡ್ಡ ಮೇಜು, ಸುತ್ತ ಗಂಡಸರು ಹೆಂಗಸರು, ಎಲ್ಲರ ಕೈಯಲ್ಲೂ ಟೀ ಕಪ್ಪು. ಬಸಿಯೂ ಇದೆ. ಟೀ ಅಲ್ಲ ಅದು! ಪೊಲೀಸರು ಬಂದರೆ ಕಣ್ಣಿಗೆ ಮಣ್ಣೆರಚಲು ಕಪ್ಪಿನಲ್ಲಿ ಕೊಡುತ್ತಿದ್ದರಂತೆ.

ನಮ್ಮ ಮನೆಯ ಲೋಟ ದಬರಿ ನೆನಪಾಯಿತು. ಸಂಘದವರು ಬಂದಾಗ ಎಲ್ಲರಿಗೂ ಕಾಫಿ, ನಿಮಗೊಬ್ಬರಿಗೆ ಅದೇ ಥರದ ಸ್ಟೀಲ್ ಲೋಟದಲ್ಲಿ ಅದು. ಹುಣಸೆಹಣ್ಣಿನ ಡಬ್ಬದ ಹಿಂದಿನಿಂದ ತೆಗೆದು ಬಗ್ಗಿಸಿ ಕೊಡುತ್ತಿದ್ದವಳು ನಾನೇ. ಲೋಟದ ಮೇಲೆ ತಟ್ಟೆ ಮುಚ್ಚಿ ತರುತ್ತಿದ್ದೆ. ನಿಮ್ಮ ಪಕ್ಕದಲ್ಲೇ ಕೂತ ಪುಟ್ಟಣ್ಣನವರು "ನಿಮ್ಮನೆ ಕಾಫಿ ಅಂದ್ರೆ ಕಾಫಿ ಕಣಮ್ಮಾ" ಅನ್ನುತ್ತಿದ್ದರು. ನಾನು ನಗುತ್ತಿದ್ದೆ.

ಆದರೆ ನಾನೇನು ಲೋಕದಲ್ಲಿಲ್ಲದ ಪಾಪ ಮಾಡಿದೆನೇ? ಮನೆಯ ಮರ್ಯಾದೆ ಮನೆಯೊಳಗೆ ಇರಲಿ ಅಂತ ಮಾಡಿದೆ. ಬೆನ್ನುನೋವೂ ಅಷ್ಟೆ. ಪೂರ್ವಿಗೆ ಇಪ್ಪತ್ತೆರಡು. ನಾಳೆ ನಾಲ್ಕು ಜನ ಹೆಣ್ಣು ಕೇಳಿಕೊಂಡು ಬರುವ ಹೊತ್ತಿಗೆ ಅಪ್ಪ ಎಲ್ಲಿದ್ದರು ಅಂದರೆ ಏನು ಹೇಳಲಿ? ನೀವು ಗುಣವಾಗಿ ಬನ್ನಿ, ಬೆನ್ನೂ ಗುಣವಾಯಿತು ಅನ್ನೋಣ, ಅಲ್ಲಿಗೆ ಮುಗಿಯಿತು.

ರತ್ನ


ಫೆಬ್ರವರಿ 23, 2025

ರತ್ನಾ,

ನಲವತ್ಮೂರನೆಯ ದಿನ. ತಲೆ ತಿಳಿಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಕೋಪದಿಂದಲ್ಲ.

ಆ ಬೆನ್ನುನೋವು ಯಾವತ್ತು ಹುಟ್ಟಿತು, ನೆನಪಿದೆಯಾ? ಎರಡು ವರ್ಷದ ಹಿಂದೆ ನಮ್ಮ ಮನೆಯ ಗಣೇಶನ ಹಬ್ಬ. ಮಂಗಳಾರತಿ ತಟ್ಟೆ ಹಿಡಿದು ಬರುವಾಗ ಎಲ್ಲರ ಎದುರಿಗೆ ನಾನು ಬಿದ್ದೆ. ಪುಟ್ಟಣ್ಣ ಎತ್ತಿ ಕೂರಿಸಿದರು. ನೀನು ತಟ್ಟನೆ, "ಬೆನ್ನು ಹಿಡ್ಕೊಂಡಿದೆ ಇವ್ರಿಗೆ, ಒಂದು ವಾರದಿಂದ" ಅಂದೆ. ಎಷ್ಟು ಸಲೀಸಾಗಿ ಅಂದೆ! ಆಮೇಲೆ ಸಂಘದ ಹೆಂಗಸರು ತಂದುಕೊಟ್ಟ ತೈಲದ ಬಾಟಲಿ ಹನ್ನೊಂದು. ಅವತ್ತು ನೀನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಯಾರಾದರೂ ವಾಸನೆ ಹಿಡಿಯುತ್ತಿದ್ದರು, ಯಾರಾದರೂ ಬೈಯುತ್ತಿದ್ದರು. ನಿನ್ನನ್ನು ದೂರುತ್ತಿಲ್ಲ. ಕುಡಿದವನು ನಾನು. ಆದರೆ ಆ ಬೆನ್ನುನೋವು ಇತ್ತಲ್ಲ, ಅದು ಇರುವ ತನಕ ನನಗೆ ಆತುರವೇ ಇರಲಿಲ್ಲ.

ಇಲ್ಲಿಂದ ಹೋದವರಲ್ಲಿ ಇಬ್ಬರು ಈ ತಿಂಗಳೇ ವಾಪಸ್ಸು ಬಂದರು. ಇಬ್ಬರ ಮನೆಯಲ್ಲೂ ಹೊರಗಿನವರಿಗೆ ಸುಳ್ಳು ಹೇಳಿದ್ದರಂತೆ. ಹೊರಗೆ ಯಾರಿಗೂ ಗೊತ್ತಿಲ್ಲದ ಮೇಲೆ, ಯಾರಾದರೂ ಮದುವೆ ಮನೆಯಲ್ಲಿ ಗ್ಲಾಸು ಕೈಗಿಟ್ಟರೆ ಏನು ಹೇಳಿ ಬೇಡ ಅನ್ನುವುದು? ಬೆನ್ನುನೋವು ಅನ್ನುವುದೇ?

ಸ್ಪಷ್ಟವಾಗಿ ಹೇಳುತ್ತೇನೆ. ಬೆನ್ನುನೋವಿನ ಮನೆಗೆ ನಾನು ಬರುವುದಿಲ್ಲ ರತ್ನಾ. ಬಂದರೆ ಮತ್ತೆ ಕುಡಿಯುತ್ತೇನೆ, ನನಗೆ ನನ್ನ ಯೋಗ್ಯತೆ ಗೊತ್ತು. ಸೆರೆಂಬಾನ್‌ನಲ್ಲಿ ಒಂದು ಕೋಣೆ ನೋಡಿಕೊಡುತ್ತೇನೆ ಅಂದಿದ್ದಾರೆ ಇಲ್ಲಿಯವರು. ಅಲ್ಲಿಗೆ ಹೋಗುತ್ತೇನೆ.

ಶ್ರೀಪತಿ


ಮಾರ್ಚ್ 1, 2025

ಹಾಗಾದರೆ ಅಲ್ಲೇ ಇರಿ.

ಇಪ್ಪತ್ತಾರು ವರ್ಷ ನಿಮ್ಮ ವಾಂತಿ ಬಳಿದವಳು ನಾನು, ಆಫೀಸಿಗೆ ಫೋನು ಮಾಡಿ ಜ್ವರ ಅಂದವಳು ನಾನು, ಈಗ ಸುಳ್ಳಿ ಅನ್ನಿಸಿಕೊಳ್ಳುವವಳೂ ನಾನೇ. ನಲವತ್ತು ದಿನ ತಟ್ಟೆ ತೊಳೆದ ಕೂಡಲೇ ಹರಿಶ್ಚಂದ್ರನಾಗಿಬಿಟ್ಟಿರಿ. ಕೋಣೆಗೆ ಸೊಳ್ಳೆಪರದೆ ಬೇಕಾದರೆ ತಿಳಿಸಿ.

ರತ್ನ


ನಿಲಾಯ್
ಮಾರ್ಚ್ 15

ಅಪ್ಪಾ,

ಕನ್ನಡದಲ್ಲೇ ಬರೀತಿದ್ದೀನಿ. ಸಂಘದ ಭಾನುವಾರದ ಕ್ಲಾಸಲ್ಲಿ ಕಲಿತಿದ್ದು ಇಷ್ಟೇ, ತಪ್ಪಿದ್ರೆ ಸಾರಿ ಲಾ. ಇಂಗ್ಲಿಷಲ್ಲಿ ಬರೆದ್ರೆ ನಾನು ತುಂಬ ಜೋರಾಗಿ ಬೈತೀನಿ, ಅದಕ್ಕೆ.

ಎರಡು ವಾರದಿಂದ ಅಮ್ಮ ಕಾಗದ ಕೊಡ್ಲಿಲ್ಲ. ನಾನು ಕೇಳಿದೆ. ಅಮ್ಮ ನಿಮ್ಮ ಕಾಗದ ಕೈಗೆ ಕೊಟ್ರು, ಓದಿದೆ. ನೀವು ಕೋಣೆಗೆ ಹೋಗ್ತೀನಿ ಅಂದಿದ್ದು ನನಗೆ ಇಷ್ಟ ಆಗ್ಲಿಲ್ಲ. ಆದ್ರೆ ಬೆನ್ನುನೋವಿನ ವಿಷಯ ನೀವು ಹೇಳಿದ್ದು ಸರಿ.

ಪ್ರೈಮರಿ ಸ್ಕೂಲಲ್ಲಿದ್ದಾಗ ಒಂದಿನ ನಾನು ನಿಮ್ಮ ಲೋಟ ಮೂಸಿ ನೋಡಿದ್ದೆ. ಅವತ್ತಿಂದ ಗೊತ್ತು. ಹೇಳ್ಬೇಡ ಅಂತ ಅಮ್ಮ ಹೇಳ್ಲೇ ಇಲ್ಲ. ಆದ್ರೂ ಹೇಳ್ಬಾರ್ದು ಅಂತ ಗೊತ್ತಿತ್ತು. ಫ್ರೆಂಡ್ಸ್ ಯಾರನ್ನೂ ಮನೆಗೆ ಕರೀಲಿಲ್ಲ ನಾನು. ಮಯೂರಿ ನನ್ನ ಬೆಸ್ಟ್ ಫ್ರೆಂಡ್ ಅಲ್ವಾ, ಅವಳೂ ನಮ್ಮನೆ ಒಳಗೆ ಬಂದಿಲ್ಲ. ಎಲ್ಲಾ ಮಮಕ್ ಅಂಗಡಿಯಲ್ಲೇ, ರೊಟ್ಟಿ ಟೀ ತಗೊಂಡು ಭೇಟಿ.

ಹೋದ ಶನಿವಾರ ಅಂಗಡೀಲಿ ಅಮ್ಮ ಫೋಟೋ ಹಿಂದಿನ ಚೀಟಿ ಓದು ಅಂದ್ರು. ಓದಿದೆ. ಅಮ್ಮ ಅತ್ರು. ಯಾಕೆ ಅಂತ ಅವರೇ ಬರೀತಾರೆ.

ಕೈ ನಡುಗೋದು ನಿಂತಿದೆಯಾ?

ಪೂರ್ವಿ


ಸುಬಾಂಗ್ ಜಯಾ
ಮಾರ್ಚ್ 23, 2025

ರೀ,

ಪೂರ್ವಿ ಬರೆದಳಂತೆ. ನನಗೆ ತೋರಿಸಲಿಲ್ಲ. ಅಪ್ಪ ಮಗಳ ನಡುವೆ ಕಾಗದ ಓಡಾಡಿದ್ದೇ ನನಗೆ ಸಂತೋಷ.

ಇಪ್ಪತ್ತಮೂರನೆಯ ಫೋಟೋ ಕಟ್ಟುತ್ತಿದ್ದೆ. ಒಂದು ಕೋಣೆ, ಐದು ಜನ ಗಂಡಸರು ಕುರ್ಚಿಯಲ್ಲಿ ಕೂತು ಕಪ್ಪು ಎತ್ತಿ ಕ್ಯಾಮೆರಾಕ್ಕೆ ಹಲ್ಲು ಬಿಡುತ್ತಿದ್ದಾರೆ. ಅಂಚಿನಲ್ಲಿ ಒಬ್ಬಳು ನಿಂತಿದ್ದಾಳೆ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಖಾಲಿ ಕಪ್ಪುಗಳು. ಅವಳು ಕುಡಿದಿಲ್ಲ, ನಗುತ್ತಲೂ ಇಲ್ಲ. ಅವಳ ಕಣ್ಣು ಬಾಗಿಲ ಕಡೆ ಇದೆ. ಯಾರಾದರೂ ಬಂದಾರೇ ಅಂತ ನೋಡುವ ಕಣ್ಣು. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇವಳು ಯಾರೇ, ಹಿಂದೆ ಏನಾದರೂ ಬರೆದಿದೆಯಾ ನೋಡು ಅಂದೆ ಪೂರ್ವಿಗೆ. ಐದು ಗಂಡಸರ ಹೆಸರೂ ಇದೆ, ಊರೂ ಇದೆ, ಕಸುಬೂ ಇದೆ. ಕೊನೆಯಲ್ಲಿ, "ಮತ್ತು ಗುರುತು ತಿಳಿಯದ ಹೆಂಗಸು" ಅಂತ ಇದೆಯಂತೆ. ನೂರು ವರ್ಷ ರೀ! ಪಾಪ, ಎಷ್ಟು ಕಪ್ಪು ತೊಳೆದಳೋ. ಅಂಗಡಿಯಲ್ಲೇ ಕೂತು ಅತ್ತುಬಿಟ್ಟೆ. ಗಿರಾಕಿ ಒಬ್ಬರು ಗಣಪತಿ ಫೋಟೋ ಒಯ್ಯಲು ಬಂದವರು ಹಾಗೇ ವಾಪಸ್ಸು ಹೋದರು.

ಇಷ್ಟು ವರ್ಷ ನಾನು ನಿಮ್ಮನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ನಿಮ್ಮನ್ನಲ್ಲ, ಬಾಗಿಲನ್ನು ಕಾಯುತ್ತಿದ್ದೆ. ಮಗಳ ಗೆಳತಿಯರು ಕೂಡ ಒಳಗೆ ಬರದ ಹಾಗೆ ಕಾದೆ. ತಪ್ಪಾಯಿತು. ಇದನ್ನು ಬರೆಯಲು ಎರಡು ವಾರ ಬೇಕಾಯಿತು.

ಲಿಮ್ ಬಂದಾಗ, ಆ ಒಂದು ಫೋಟೋಗೆ ಮಾತ್ರ ಎರಡೂ ಕಡೆ ಗಾಜು ಹಾಕುತ್ತೇನೆ, ಹಿಂದಿನ ಚೀಟಿಯೂ ಓದುವ ಹಾಗೆ ಇರಲಿ, ಗೋಡೆಗೆ ಒತ್ತಿ ಹೊಡೆಯಬೇಡ, ತೂಗುಹಾಕು ಅಂದೆ. ಯಾಕೆ ಆಂಟಿ ಅಂದ. ಅವಳ ಬಗ್ಗೆ ಬರೆದಿರುವುದು ಅಷ್ಟೇ, ಅದನ್ನಾದರೂ ಜನ ನೋಡಲಿ ಅಂದೆ. ಒಪ್ಪಿದ.

ಆದರೂ ನಿಜ ಹೇಳುತ್ತೇನೆ, ನನಗೆ ಧೈರ್ಯ ಬಂದಿಲ್ಲ. ಏಪ್ರಿಲ್ ಆರಕ್ಕೆ ಬ್ರಿಕ್‌ಫೀಲ್ಡ್ಸ್ ಹಾಲ್‌ನಲ್ಲಿ ಯುಗಾದಿ, ರಾಮನವಮಿ ಎರಡೂ ಸೇರಿಸಿ ಪೂಜೆ. ಪುಟ್ಟಣ್ಣನವರು, "ಶ್ರೀಪತಿ ಬೆನ್ನಿಗೆ ಅಂತ ಸ್ಪೆಷಲ್ಲಾಗಿ ಸಂಕಲ್ಪ ಮಾಡಿಸ್ತೀನಿ ಕಣಮ್ಮಾ, ಎಲ್ರೂ ಸೇರಿ ಬೇಡ್ಕಳವ" ಅಂದರು. ಆಗಲಿ ಅಂದುಬಿಟ್ಟೆ. ಎಪ್ಪತ್ತು ಮನೆಯವರು ನಿಮ್ಮ ಬೆನ್ನಿಗಾಗಿ ಅಕ್ಷತೆ ಹಾಕಲಿದ್ದಾರೆ. ನಾನೇನು ಮಾಡಲಿ?

ರತ್ನ


ಮಾರ್ಚ್ 29, 2025

ರತ್ನಾ,

ಏನು ಮಾಡಬೇಕು ಅಂತ ನಾನು ಹೇಳುವುದಿಲ್ಲ. ಹೇಳುವ ಮುಖ ನನಗಿಲ್ಲ.

ಏಪ್ರಿಲ್ 12, ಶನಿವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಅವಧಿ ಮುಗಿಯುತ್ತದೆ. ಸೆರೆಂಬಾನ್ ಕೋಣೆಯವರಿಗೆ ಅದರ ಹಿಂದಿನ ಗುರುವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ನೀನು ಬರೆದದ್ದನ್ನು ನೋಡಿ ಹೇಳುತ್ತೇನೆ. ಏನು ಬರೆದರೂ ನಿನ್ನ ಮೇಲೆ ಬೇಸರವಿಲ್ಲ. ಇದನ್ನು ನಂಬು.

ಪೂರ್ವಿಗೆ ಹೇಳು, ಕೈ ನಡುಗುವುದು ನಿಂತಿದೆ.

ಶ್ರೀಪತಿ


ಸುಬಾಂಗ್ ಜಯಾ
ಏಪ್ರಿಲ್ 8, 2025, ಮಂಗಳವಾರ

ರೀ,

ನಿಜ ಹೇಳಬೇಕು ಅಂತ ನಿರ್ಧಾರ ಮಾಡಿಕೊಂಡು ಹೋದವಳಲ್ಲ ನಾನು. ರೇಷ್ಮೆ ಸೀರೆ ಉಟ್ಟು, ಕೋಸಂಬರಿಗೆ ಹೆಸರುಬೇಳೆ ನೆನೆಹಾಕಿಕೊಂಡು, ಸುಮ್ಮನೆ ತಲೆ ಬಗ್ಗಿಸಿ ಕೂತು ಬರೋಣ ಅಂತಲೇ ಹೋದೆ.

ಅನಂತಕೃಷ್ಣ ಭಟ್ಟರು ಒಂದೊಂದೇ ಮನೆಯವರನ್ನು ಕರೆದು ಗೋತ್ರ, ನಕ್ಷತ್ರ ಕೇಳಿ ಸಂಕಲ್ಪ ಮಾಡಿಸುತ್ತಿದ್ದರು. ನನ್ನ ಸರದಿ ಬಂತು. ಪುಟ್ಟಣ್ಣನವರು ಮೈಕು ಹಿಡಿದು, ನಮ್ಮ ಶ್ರೀಪತಿಯವರ ಬೆನ್ನುನೋವು ವಾಸಿಯಾಗಲಿ ಅಂತ ಎಲ್ಲರೂ ಕೈ ಮುಗೀರಿ ಅಂದರು. ಎಲ್ಲರೂ ಮುಗಿದರು. ಭಟ್ಟರು ನನ್ನ ಅಂಗೈಗೆ ಅಕ್ಷತೆ ಹಾಕಿ, ನೀರು ಬಿಟ್ಟು, "ಏನಂತ ಸಂಕಲ್ಪ ಮಾಡ್ಲಿ ಅಮ್ಮಾ, ನೀವೇ ಒಂದು ಮಾತು ಹೇಳಿ" ಅಂದರು. ಅವರು ಎಲ್ಲರಿಗೂ ಹಾಗೇ ಕೇಳುತ್ತಾರೆ. ನಾನು ಬಾಯಿ ತೆರೆದೆ. ನಿಮ್ಮ ಗೋತ್ರ ಬಂತು, ನಕ್ಷತ್ರ ಬಂತು, ಬೆನ್ನು ಬರಲಿಲ್ಲ. ಪಕ್ಕದಲ್ಲಿ ಪೂರ್ವಿ ನಿಂತಿದ್ದಳು. ಅವಳು ನನ್ನ ಕಡೆ ನೋಡಲೂ ಇಲ್ಲ, ನೆಲ ನೋಡುತ್ತಿದ್ದಳು. ಹನ್ನೊಂದು ವರ್ಷದ ಮಗುವಾಗಿದ್ದಾಗಲೂ ಹೀಗೇ ನಿಂತಿರುತ್ತಿದ್ದಳು ಅನ್ನಿಸಿತು.

"ಬೆನ್ನುನೋವಲ್ಲ ಭಟ್ರೇ. ಇವ್ರು ಕುಡೀತಿದ್ರು. ಈಗ ಬಿಡೋದಕ್ಕೆ ಅಂತ ಇಲ್ಲೇ ನಿಲಾಯ್ ಹತ್ರ ಸೇರ್ಕೊಂಡಿದ್ದಾರೆ. ಎಂಬತ್ತೈದು ದಿನ ಆಯ್ತು. ಬಿಟ್ಟಿದ್ದು ಬಿಟ್ಟ ಹಾಗೇ ಇರ್ಲಿ ಅಂತ ಮಾಡಿ. ಇಷ್ಟು ದಿನ ನಾನೇ ಮುಚ್ಚಿಟ್ಟಿದ್ದೆ, ನನ್ನದೂ ಒಂದು ಸೇರಿಸಿ" ಅಂದೆ. ಮೈಕು ಪುಟ್ಟಣ್ಣನವರ ಕೈಯಲ್ಲೇ ಇತ್ತು ರೀ, ಇಡೀ ಹಾಲಿಗೆ ಕೇಳಿಸಿತು!

ಭಟ್ಟರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಸಂಸ್ಕೃತದಲ್ಲಿ ಅದನ್ನೇ ಹೇಳಿದರು. ಎಲ್ಲರಿಗೂ ಹೇಳುವ ಧ್ವನಿಯಲ್ಲೇ ಹೇಳಿದರು. ಅದಕ್ಕೂ ಸಂಸ್ಕೃತದಲ್ಲಿ ಮಾತಿದೆ ನೋಡಿ. ಪೂರ್ವಿ ನನ್ನ ಸೆರಗು ಹಿಡಿದುಕೊಂಡಳು.

ಚಪ್ಪಾಳೆ ಗಿಪ್ಪಾಳೆ ಏನೂ ಆಗಲಿಲ್ಲ. ಇಬ್ಬರು ಹೆಂಗಸರು ಪಾನಕ ಕೊಡಲು ಬಂದವರು ನನ್ನ ಮುಖ ತಪ್ಪಿಸಿ ಮುಂದೆ ಹೋದರು. ಪುಟ್ಟಣ್ಣನವರು ಮೈಕು ಇನ್ನೊಬ್ಬರ ಕೈಗೆ ಕೊಟ್ಟು, ಊಟವನ್ನೂ ಮಾಡದೆ ಹೆಂಡತಿಯನ್ನು ಕರೆದುಕೊಂಡು ಹೊರಟೇ ಹೋದರು. ಮುಗಿಯಿತು, ಇನ್ನು ಈ ಸಂಘದ ಬಾಗಿಲು ನಮಗಿಲ್ಲ ಅಂದುಕೊಂಡೆ. ರೈಲಿನಲ್ಲಿ ಮನೆಗೆ ಬರುವಾಗ ಪೂರ್ವಿ, "ಅಮ್ಮಾ, ಮುಂದಿನ ವಾರ ಮಯೂರಿನ ಊಟಕ್ಕೆ ಕರೀಲಾ?" ಅಂದಳು. ಕರಿ ಅಂದೆ. ಇಬ್ಬರೂ ಅಳುತ್ತ ನಗುತ್ತ ಬಂದೆವು.

ನಿನ್ನೆ ಸೋಮವಾರ ಮಧ್ಯಾಹ್ನ ಅಂಗಡಿಗೆ ಚಂದ್ರಮ್ಮ ಬಂದರು, ಪುಟ್ಟಣ್ಣನವರ ಹೆಂಡತಿ. ಮೊಮ್ಮಗಳ ಫೋಟೋಗೆ ಕಟ್ಟು ಹಾಕಿಸಬೇಕು ಅಂತ ತಂದಿದ್ದರು. ಅಳತೆ ತೆಗೆದೆ, ಯಾವ ಬಣ್ಣದ ಕಟ್ಟು ಅಂದೆ. ತಲೆ ಎತ್ತಿ ನೋಡಿದರೆ ಕಣ್ಣಲ್ಲಿ ನೀರು.

"ನಮ್ಮನೇಲೂ ಅದೇಯ ರತ್ನ. ಆರು ವರ್ಷ ಆಯ್ತು. ನಿಮ್ಮನೆಯವ್ರ ಲೋಟದಲ್ಲಿ ಏನಿತ್ತು ಅಂತ ಇವ್ರಿಗೆ ಮೊದ್ಲಿಂದ್ಲೂ ಗೊತ್ತು. ಗೊತ್ತಿದ್ದೇ ಪಕ್ಕದಾಗೆ ಕೂತ್ಕತಿದ್ರು" ಅಂದರು.

ನಿಮ್ಮ ಬೆನ್ನಿಗೆ ಎಲ್ಲರಿಗಿಂತ ಹೆಚ್ಚು ತೈಲ ತಂದುಕೊಟ್ಟವರು ಚಂದ್ರಮ್ಮನೇ!

ಪುಟ್ಟಣ್ಣನವರು ಎಲ್ಲಿದ್ದಾರೆ ಅಂದೆ. ಬೀದಿಯಾಚೆ ಕಾರಿನಲ್ಲಿ ಕೂತಿದ್ದಾರೆ ಅಂದರು. ಹೋದೆ. ಗಾಜು ಇಳಿಸಿ, ನನ್ನ ಮುಖ ನೋಡದೆ ಸ್ಟಿಯರಿಂಗ್ ನೋಡುತ್ತ, "ಅಲ್ಲಿ ಹೊಡಿಯದು ಬಡಿಯದು ಏನಾರ ಮಾಡ್ತಾರೇನಮ್ಮಾ?" ಅಂತ ಕೇಳಿದರು. ಅರವತ್ತನಾಲ್ಕು ವರ್ಷದ ಮನುಷ್ಯ. ಇಲ್ಲ, ತಟ್ಟೆ ತೊಳೆಸುತ್ತಾರೆ ಅಂದೆ. ಗಾಜು ಅರ್ಧ ಏರಿಸಿ, ಮತ್ತೆ ಇಳಿಸಿ, "ಶ್ರೀಪತಿ ಇರ್ತಾನಾ ಅಲ್ಲಿ?" ಅಂದರು.

ಸೇರಲು ಒಪ್ಪಿದ್ದಾರೆ. ಅವರಿಗೆ ಜಾಗ ಇದೆಯಾ ಅಂತ ಪೂರ್ವಿ ಇವತ್ತು ಬೆಳಿಗ್ಗೆ ಗೇಟಿನಲ್ಲಿ ವಿಚಾರಿಸಿದಳು. ಜಾಗವೇ ಇಲ್ಲವಂತೆ. ಖಾಲಿಯಾಗುವುದು ಒಂದೇ ಒಂದು ಮಂಚ, ಅದು ಶನಿವಾರ, ಅದು ನಿಮ್ಮದು. ಅದನ್ನೇ ಅವರಿಗೆ ಇಟ್ಟಿರಿ ಅಂತ ಹೇಳಿ ಬಂದಿದ್ದಾಳೆ.

ಸೆರೆಂಬಾನ್ ಕೋಣೆಯವರಿಗೆ ಊಹೂಂ ಹೇಳಿಬಿಡಿ. ಶನಿವಾರ ಒಂಬತ್ತೂವರೆಗೇ ಬರುತ್ತೇವೆ. ಕಾರು ಪೂರ್ವಿ ಓಡಿಸುತ್ತಾಳೆ. ಬರುವಾಗ ನಾವಿಬ್ಬರು, ಚಂದ್ರಮ್ಮ, ಪುಟ್ಟಣ್ಣ, ನಾಲ್ಕು ಜನ. ಮನೆಗೆ ಹೋಗುವಾಗಲೂ ನಾಲ್ಕೇ ಜನ.

ನಿಮ್ಮ ಮಂಚದ ಹೊದಿಕೆ ಶುಕ್ರವಾರವೇ ಒಗೆದು ಒಣಗಿಸಿ, ಹಾಸಿಗೆ ನೀವೇ ಹಾಸಿಡಿ. ಅವರಿಗೆ ತುಂಬ ಹೆದರಿಕೆಯಾಗಿದೆ ರೀ.

ನಿಮ್ಮ
ರತ್ನ